ದೂರದ ಅಳತೆ, ಹೊಡೆತದ ಲೆಕ್ಕ: ವೃತ್ತಿಪರ ಗಾಲ್ಫಿನಲ್ಲಿ ಪುರುಷರೊಡನೆ ಸ್ತ್ರೀಯರ ಸ್ಪರ್ಧೆ

2003ನೆಯ ಇಸವಿ ಮೇ ತಿಂಗಳ 22ನೆಯ ದಿನ ಬೆಳಗ್ಗೆ, ಅಮೆರಿಕದ ಟೆಕ್ಸಸ್ ಪ್ರಾಂತಕ್ಕೆ ಸೇರಿದ ಫೋರ್ಟ್‌ವರ್ತ್ ನಗರದ ಕೊಲೋನಿಯಲ್ ಮೈದಾನದಲ್ಲಿ, ಹತ್ತನೆಯ ಕುಳಿಯ ಟೀಯ ಮೇಲೆ, ಅಂದರೆ ಮೊದಲ ಹೊಡೆತ ಹೊರಡುವ ಜಾಗದಲ್ಲಿ, ನಿಂತು ಸ್ವೀಡನ್ ದೇಶದ ಆನಿಕಾ ಸೋರೆನ್‌ಸ್ಟಾಮ್ ನಾಲ್ಕನೆಯ ವುಡ್ಡಿನಿಂದ ಚೆಂಡನ್ನು ಫೇರ್‌ವೇಗೆ ಕಳುಹಿಸಿ, ಕಾಲು ಕುಸಿದವಳಂತೆ ನಟಿಸಿ ನಕ್ಕಾಗ, ಪುರುಷರ ಪಿ.ಜಿ.ಎ. ಟೂರಿನಲ್ಲಿ ಐವತ್ತೆಂಟು ವರ್ಷಗಳಿಂದ ನಡೆಯದಿದ್ದ ಸಂಗತಿಯೊಂದು ನಡೆದಂತಾಯಿತು. ಆ ದಿನ ಆಕೆ 71 ಹೊಡೆತಗಳಲ್ಲಿಯೂ ಮರುದಿನ 74 ಹೊಡೆತಗಳಲ್ಲಿಯೂ ಮೈದಾನವನ್ನು ಮುಗಿಸಿದಳು. ಒಟ್ಟು 145, ಅಂದರೆ ಪಾರ್ ಎಂಬ ನಿಗದಿತ ಎಣಿಕೆಗಿಂತ ಐದು ಹೆಚ್ಚು. ಉಳಿದೆರಡು ದಿನಗಳ ಆಟಕ್ಕೆ ಅರ್ಹರನ್ನು ಆರಿಸುವ 'ಕಟ್' ಎಂಬ ಗೆರೆ 141ಕ್ಕೆ ಬಿದ್ದುದರಿಂದ ನಾಲ್ಕು ಹೊಡೆತಗಳ ಅಂತರದಲ್ಲಿ ಆಕೆ ಹೊರಗುಳಿದಳು. ಆ ನಾಲ್ಕು ಹೊಡೆತಗಳನ್ನೇ ಸಾಕ್ಷಿಯಾಗಿ ಹಿಡಿದು, ಸ್ತ್ರೀಯರು ಪುರುಷರಿಗೆ ಗಾಲ್ಫಿನಲ್ಲಿ ಸಮರೇ ಅಲ್ಲವೇ ಎಂಬ ಪ್ರಶ್ನೆ ಇತ್ಯರ್ಥವಾಯಿತೆಂದು ಅನೇಕರು ತೀರ್ಪುಕೊಟ್ಟರು. ಪ್ರಕೃತ ಲೇಖನದ ಅಭಿಪ್ರಾಯವಾದರೋ, ಅಂದು ಕೇಳಿದ ಪ್ರಶ್ನೆಯೇ ಅಸಮರ್ಪಕವಾಗಿತ್ತು ಎಂಬುದು. ಗಾಲ್ಫಿನಲ್ಲಿ ಹೊಡೆತಗಳ ಎಣಿಕೆಗೆ ಅರ್ಥ ಬರುವುದು ಆ ಹೊಡೆತಗಳು ಯಾವ ಟೀಯಿಂದ ಹೊರಟವೆಂಬುದನ್ನು ಸೇರಿಸಿ ಓದಿದಾಗ ಮಾತ್ರ. ಈ ವಿಷಯದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅಂಕವನ್ನು ಉಳಿಸಿಕೊಂಡು ಟೀಯನ್ನು ಮರೆತಿದ್ದಾರೆ.

ಗಾಲ್ಫ್ ಆಟದ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕುಸ್ತಿಯಲ್ಲಿಯಾಗಲಿ ಟೆನ್ನಿಸಿನಲ್ಲಿಯಾಗಲಿ ಎದುರಾಳಿಯ ಬಲ ನಮ್ಮ ಮೈಮೇಲೆಯೋ ನಮ್ಮ ಚೆಂಡಿನ ಮೇಲೆಯೋ ನೇರವಾಗಿ ಬಂದೆರಗುತ್ತದೆ; ಗಾಲ್ಫಿನಲ್ಲಿ ಹಾಗಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಚೆಂಡನ್ನು ತಾವೇ ಆಡಿ, ನೆಲದೊಡನೆ ಹೋರಾಡಿ, ಕೊನೆಗೆ ಎಣಿಕೆಯನ್ನು ಹೋಲಿಸುತ್ತಾರೆ. ಈ ಕಾರಣದಿಂದಲೇ ಅಸಮಾನ ಬಲದವರು ಒಟ್ಟಿಗೆ ಆಡಿ ಸಮಾನವಾದ ಸ್ಪರ್ಧೆಯ ಸುಖವನ್ನು ಪಡೆಯುವ ಉಪಾಯಗಳನ್ನು ಈ ಆಟ ಬಹು ಹಿಂದೆಯೇ ಕಂಡುಕೊಂಡಿತು. ಹ್ಯಾಂಡಿಕ್ಯಾಪ್ ಎಂಬ ಹೆಸರಿನಿಂದ ದುರ್ಬಲನಿಗೆ ಇಂತಿಷ್ಟು ಹೊಡೆತಗಳನ್ನು ಬಿಟ್ಟುಕೊಡುವುದು ಒಂದು ಉಪಾಯ. ಟೀಯನ್ನೇ ಮುಂದಕ್ಕೆ ಸರಿಸಿ ದೂರವನ್ನು ಕಡಮೆ ಮಾಡುವುದು ಇನ್ನೊಂದು. ತಾತನೂ ಮೊಮ್ಮಗಳೂ ಒಂದೇ ಸಂಜೆ ಒಂದೇ ಹುಲ್ಲಿನ ಮೇಲೆ ಪಂತ ಕಟ್ಟಿ ಆಡಬಲ್ಲ ಆಟಗಳು ಲೋಕದಲ್ಲಿ ಹೆಚ್ಚಿಲ್ಲ. ಹವ್ಯಾಸಿಗಳಿಗೆ ನಿತ್ಯವ್ಯವಹಾರವಾದ ಈ ಸಮೀಕರಣವನ್ನು ವೃತ್ತಿಪರ ಗಾಲ್ಫ್ ವರ್ಜಿಸಿತು. ಹಣದ ಪಂದ್ಯದಲ್ಲಿ ರಿಯಾಯಿತಿಯಿಲ್ಲ, ಎಲ್ಲರಿಗೂ ಹಿಂದಿನ ಟೀಯೇ. ಆದುದರಿಂದ ನಮ್ಮ ಚರ್ಚೆಯ ವಿಷಯ ಒಂದು ಸಮಸ್ಯೆಯಾಗಿ ತಲೆಯೆತ್ತಿದ್ದು ವೃತ್ತಿಪರರ ಅಂಗಳದಲ್ಲಿಯೇ ಎಂಬುದು ಆಶ್ಚರ್ಯವಲ್ಲ.

ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಸ್ತ್ರೀಯರಿಗೆ ಸಂದ ಗಾಲ್ಫ್ ಅತ್ಯಲ್ಪ. 1867ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಸ್ಥಾಪಿತವಾದ ಸ್ತ್ರೀಯರ ಸಂಘವು ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟಿಂಗಿನ ಸಂಘ. ಅಲ್ಲಿ ಕೋಲನ್ನು ಭುಜದ ಮೇಲೆತ್ತುವ ಪ್ರಸಂಗವೇ ಬರುತ್ತಿರಲಿಲ್ಲ. 1890ರಲ್ಲಿ ಪ್ರಕಟವಾದ ಬ್ಯಾಡ್ಮಿಂಟನ್ ಗ್ರಂಥಮಾಲೆಯ ಗಾಲ್ಫ್ ಸಂಪುಟದಲ್ಲಿ ಲಾರ್ಡ್ ವೆಲ್‌ವುಡ್ ಎಂಬ ಮಹನೀಯರು, ಸ್ತ್ರೀಯರ ಮೈದಾನದಲ್ಲಿ ಎಪ್ಪತ್ತು ಎಂಬತ್ತು ಗಜದ ಹೊಡೆತಕ್ಕೆ ಅವಕಾಶವಿದ್ದರೆ ಸಾಕೆಂದು ಅಭಿಪ್ರಾಯಪಟ್ಟರು. ಇದಕ್ಕೆ ಅವರು ಕೊಟ್ಟ ಕಾರಣ ಶಕ್ತಿಯ ಅಭಾವವಲ್ಲವೆಂಬುದು ಗಮನಾರ್ಹ. ಅಷ್ಟು ದೊಡ್ಡ ಬೀಸಿಗೆ ಬೇಕಾದ ಭಂಗಿ ಉಡುಪು ತೊಟ್ಟ ಸ್ತ್ರೀಗೆ ಶೋಭಿಸದೆಂಬುದು ಅವರ ಆಕ್ಷೇಪ. ಮೊದಲು ಲಕ್ಷಣಶಾಸ್ತ್ರದ ಪ್ರಶ್ನೆಯಾಗಿದ್ದುದು ಮುಂದೆ ಶರೀರಶಾಸ್ತ್ರದ ಪ್ರಶ್ನೆಯಾಯಿತು.

ಇಪ್ಪತ್ತೇ ವರ್ಷಗಳಲ್ಲಿ ಚಿತ್ರ ಬದಲಾಯಿತು. 1910ರ ಅಕ್ಟೋಬರಿನಲ್ಲಿ ಹತ್ತೊಂಬತ್ತು ವರ್ಷದ ಸೆಸಿಲ್ ಲೀಚ್ ಎಂಬ ಆಂಗ್ಲ ಯುವತಿ, 1892 ಮತ್ತು 1897ರಲ್ಲಿ ಓಪನ್ ಚಾಂಪಿಯನ್‌ಷಿಪ್ಪನ್ನು ಗೆದ್ದಿದ್ದ ಹೆರಾಲ್ಡ್ ಹಿಲ್ಟನ್ನನ ಎದುರು ವಾಲ್ಟನ್ ಹೀತ್ ಮತ್ತು ಸನ್ನಿಂಗ್‌ಡೇಲ್ ಮೈದಾನಗಳಲ್ಲಿ 72 ಕುಳಿಗಳ ಪಂದ್ಯವನ್ನಾಡಿದಳು. ಎರಡು ಕುಳಿಗಳಿಗೊಂದರಂತೆ ಆಕೆಗೆ ಹೊಡೆತದ ರಿಯಾಯಿತಿ ದೊರೆತಿತ್ತು. ಅಂತಿಮ ಭಾಗಕ್ಕೆ ಬರುವ ಹೊತ್ತಿಗೆ ಹಿಲ್ಟನ್ ಮುಂದಿದ್ದರೂ ಲೀಚ್ ಬೆನ್ನಟ್ಟಿ, ಒಂದು ಕುಳಿ ಉಳಿದಿರುವಾಗಲೇ ಎರಡರ ಅಂತರದಿಂದ ಗೆದ್ದಳು. ಹಿಲ್ಟನ್ ಅಂದು ಹಿಂದಿನ ಕೀರ್ತಿಯ ನೆರಳಿನಲ್ಲಿ ಬದುಕುತ್ತಿದ್ದವನಲ್ಲ. ಮರುವರ್ಷವೇ, ಅಂದರೆ 1911ರಲ್ಲಿ, ಬ್ರಿಟಿಷ್ ಅಮೆಚೂರ್ ಪದವಿಯನ್ನು ಮತ್ತೆ ಸಂಪಾದಿಸಿದವನು. ಈ ಪಂದ್ಯವನ್ನು ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಸ್ತ್ರೀಯರು ತಮ್ಮ ಜಯವೆಂದು ಕೊಂಡಾಡಿದರೆಂಬುದು ಅದರ ಸಾಮಾಜಿಕ ಮುಖ. ನಮಗೆ ಪ್ರಯೋಜನಕಾರಿಯಾದುದು ಅದರ ಗಣಿತದ ಮುಖ: ಎರಡು ಕುಳಿಗೆ ಒಂದು ಹೊಡೆತವೆಂದು ಅಂದಿನವರು ಅಂದಾಜು ಮಾಡಿದ ಅಂತರ ಎಪ್ಪತ್ತೊಂದನೆಯ ಕುಳಿಯವರೆಗೂ ಪಂದ್ಯವನ್ನು ಜೀವಂತವಾಗಿರಿಸಿತು. ಅಂದಾಜು ಅಷ್ಟು ನಿಖರವಾಗಿತ್ತು.

ರಿಯಾಯಿತಿಯನ್ನೇ ಕೇಳದೆ ಅಮೆರಿಕದ ಪುರುಷ ವೃತ್ತಿಪರರ ಪಂದ್ಯಾವಳಿಯನ್ನು ಪ್ರವೇಶಿಸಿದ ಪ್ರಥಮ ಸ್ತ್ರೀಯೆಂದರೆ ಟೆಕ್ಸಸ್ಸಿನ ಬೇಬ್ ಡಿಡ್ರಿಕ್ಸನ್. 1932ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಭರ್ಜಿ ಎಸೆತದಲ್ಲಿಯೂ 80 ಮೀಟರ್ ತಡೆ ಓಟದಲ್ಲಿಯೂ ಚಿನ್ನವನ್ನೂ ಎತ್ತರ ಜಿಗಿತದಲ್ಲಿ ಬೆಳ್ಳಿಯನ್ನೂ ಗೆದ್ದ ಈಕೆ, ತರುವಾಯ ಗಾಲ್ಫಿಗೆ ಕೈಹಾಕಿ, 1938ರ ಲಾಸ್ ಏಂಜಲೀಸ್ ಓಪನ್ನಿನಲ್ಲಿ ಆಡಿದಳು. 81 ಮತ್ತು 84 ಹೊಡೆತಗಳೊಡನೆ ಆ ಪ್ರಯತ್ನ ಎರಡೇ ದಿನಕ್ಕೆ ಮುಗಿಯಿತು. ಆದರೆ ಆ ಪಂದ್ಯದಲ್ಲಿ ತನ್ನ ಜೊತೆಗಾರನಾಗಿ ಆಡಿದ ಜಾರ್ಜ್ ಝಹರಿಯಾಸ್ ಎಂಬ ಕುಸ್ತಿಪಟುವನ್ನು ಆಕೆ ಅದೇ ವರ್ಷಾಂತ್ಯಕ್ಕೆ ವರಿಸಿದಳಾದುದರಿಂದ ಅದನ್ನು ಶುದ್ಧ ನಷ್ಟವೆನ್ನಲಾಗದು. ಏಳು ವರ್ಷಗಳ ಅನಂತರದ ಕಥೆಯೇ ಬೇರೆ. 1945ರ ಆರಂಭದಲ್ಲಿ ಮೂರು ಪಂದ್ಯಾವಳಿಗಳಲ್ಲಿ ಆಡಿದ ಬೇಬ್, ಲಾಸ್ ಏಂಜಲೀಸಿನಲ್ಲಿ ಮೊದಲ ಕಟ್ಟನ್ನು ದಾಟಿ ಮೂರನೆಯ ಸುತ್ತಿನ ಬಳಿಕದ ಎರಡನೆಯ ಕಟ್ಟಿನಲ್ಲಿ ನಿಂತಳು. ಬೈರನ್ ನೆಲ್ಸನ್ ಗೆದ್ದ ಫೀನಿಕ್ಸ್ ಓಪನ್ನಿನಲ್ಲಿ 33ನೆಯ ಸ್ಥಾನವನ್ನೂ ಟೂಸಾನ್ ಓಪನ್ನಿನಲ್ಲಿ 42ನೆಯ ಸ್ಥಾನವನ್ನೂ ಪಡೆದಳು. ಯುದ್ಧಕಾಲದ ಆ ದಿನಗಳಲ್ಲಿ ಕೆಲವರು ಸೇನೆಯಲ್ಲಿದ್ದುದರಿಂದ ಸ್ಪರ್ಧಿಗಳ ಸಾಲು ತೆಳುವಾಗಿತ್ತೆಂಬ ಆಕ್ಷೇಪವನ್ನು ಒಪ್ಪಿಕೊಂಡರೂ, ಲಾಸ್ ಏಂಜಲೀಸಿಗೂ ಟೂಸಾನಿಗೂ ಆಹ್ವಾನವಿಲ್ಲದೆ ಅರ್ಹತಾ ಸುತ್ತುಗಳನ್ನು ದಾಟಿಯೇ ಬಂದು, ಪುರುಷರ ಟೀಯಿಂದಲೇ ಆಡಿ ಸಾಧಿಸಿದ ಈ ಫಲ ಪಿ.ಜಿ.ಎ. ಟೂರಿನ ಚರಿತ್ರೆಯಲ್ಲಿ ಇಂದಿಗೂ ಏಕಾಕಿಯಾಗಿ ನಿಂತಿದೆ. 1948ರಲ್ಲಿ ಆಕೆ ಯು.ಎಸ್. ಓಪನ್ನಿಗೆ ಅರ್ಜಿ ಹಾಕಿದಾಗ ಅಮೆರಿಕದ ಗಾಲ್ಫ್ ಸಂಸ್ಥೆ ಆ ಸ್ಪರ್ಧೆ ಪುರುಷರಿಗಾಗಿಯೇ ಉದ್ದೇಶಿಸಿದುದೆಂದು ಉತ್ತರವಿತ್ತಿತು. 'ಓಪನ್' ಎಂಬ ಶಬ್ದಕ್ಕೆ ಇದಕ್ಕಿಂತ ವಿಚಿತ್ರವಾದ ಭಾಷ್ಯವನ್ನು ಈ ಲೇಖಕನು ಕಂಡಿಲ್ಲ. 1950ರಲ್ಲಿ ಸ್ತ್ರೀಯರು ತಮ್ಮದೇ ಎಲ್.ಪಿ.ಜಿ.ಎ.ಯನ್ನು ಸ್ಥಾಪಿಸಿಕೊಂಡಾಗ ಹದಿಮೂರು ಮಂದಿ ಸ್ಥಾಪಕರಲ್ಲಿ ಬೇಬಳೂ ಒಬ್ಬಳು.

ಇಷ್ಟಾಗಿಯೂ ದೂರದ ಪ್ರಶ್ನೆ ಎಷ್ಟು ಗುರುತರವಾದುದೆಂಬುದನ್ನು ಮರೆಮಾಚುವುದು ಪಾಂಡಿತ್ಯಕ್ಕೆ ಒಪ್ಪದು. ಚೆಂಡಿನ ಗತಿಯನ್ನು ರೇಡಾರಿನಿಂದ ಅಳೆಯುವ ಟ್ರ್ಯಾಕ್‌ಮನ್ ಸಂಸ್ಥೆ ಹಿಂದೆ ಪ್ರಕಟಿಸಿದ್ದ ಸರಾಸರಿಗಳ ಪ್ರಕಾರ, ಡ್ರೈವರ್ ಬೀಸುವಾಗ ಪುರುಷ ವೃತ್ತಿಪರರ ಕೋಲಿನ ವೇಗ ಗಂಟೆಗೆ 113 ಮೈಲಿ, ಸ್ತ್ರೀ ವೃತ್ತಿಪರರದು 94. ಚೆಂಡು ಗಾಳಿಯಲ್ಲಿ ಕ್ರಮಿಸುವ ದೂರ ಕ್ರಮವಾಗಿ 275 ಮತ್ತು 218 ಗಜ. ಏಳನೆಯ ಐರನ್ನಿನಲ್ಲಿ ಇದೇ ಅಂತರ 172ಕ್ಕೆ 141. ಈ ಅಂಕಿಗಳನ್ನು ಒಂದು ಕುಳಿಯ ಮೇಲೆ ಹರಡಿ ನೋಡೋಣ. 440 ಗಜದ, ನಾಲ್ಕು ಹೊಡೆತಗಳ ಪಾರ್ ಇರುವ ಕುಳಿಯಲ್ಲಿ, ನೆಲಕ್ಕೆ ಬಿದ್ದ ಮೇಲಿನ ಉರುಳುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಸರಾಸರಿ ಪುರುಷನಿಗೆ ಉಳಿಯುವುದು ಸುಮಾರು 150 ಗಜ. ಸರಾಸರಿ ಸ್ತ್ರೀಗೆ ಸುಮಾರು 200 ಗಜ. ಮೊದಲನೆಯವನು ಎಂಟನೆಯದೋ ಒಂಬತ್ತನೆಯದೋ ಐರನ್ನಿನಿಂದ ಚೆಂಡನ್ನು ಎತ್ತರಕ್ಕೆ ಚಿಮ್ಮಿಸಿ ಗ್ರೀನಿನ ಮೇಲೆ ಇಳಿಸುತ್ತಾನೆ. ಎರಡನೆಯವಳು ವುಡ್ಡನ್ನೇ ಕೈಗೆತ್ತಿಕೊಳ್ಳಬೇಕು. ಚೆಂಡು ಕಡಮೆ ಸುತ್ತುತ್ತ, ತಗ್ಗಾದ ಕೋನದಲ್ಲಿ ಇಳಿದು, ಪುರುಷರ ಪಂದ್ಯಗಳಿಗಾಗಿ ಗಟ್ಟಿಮಾಡಿಟ್ಟ ಗ್ರೀನಿನ ಮೇಲೆ ನಿಲ್ಲದೆ ಓಡಿಹೋಗುತ್ತದೆ. ಒಂದೇ ನೆಲವು ಇಬ್ಬರಿಗೆ ಎರಡು ನೆಲಗಳಾಗುವ ಬಗೆ ಇದು. ಆದುದರಿಂದ 'ಎಲ್ಲರಿಗೂ ಒಂದೇ ಟೀ, ಆದ್ದರಿಂದ ಸಮಾನತೆ' ಎಂಬ ವಾದ ಮೇಲ್ನೋಟಕ್ಕೆ ಕಾಣುವಷ್ಟು ನಿರ್ಮಲವಲ್ಲ.

ಹಾಗೆಂದು ದೂರವೇ ಸರ್ವಸ್ವವೆಂದೂ ಅಲ್ಲ. ಬೆಂಗಳೂರಿನಲ್ಲಿ ಜನಿಸಿ ಬೆಳೆದ ಅದಿತಿ ಅಶೋಕ್, 2021ರ ಆಗಸ್ಟಿನಲ್ಲಿ ಕಸುಮಿಗಸೆಕಿ ಮೈದಾನದಲ್ಲಿ ನಡೆದ ಟೋಕಿಯೊ ಒಲಿಂಪಿಕ್ ಸ್ಪರ್ಧೆಯಲ್ಲಿ, ಟೀಯಿಂದ ಅತಿ ಕಡಮೆ ದೂರ ಹೊಡೆಯುವವರ ಗುಂಪಿನಲ್ಲಿದ್ದೂ ಗ್ರೀನಿನ ಮೇಲಿನ ನೈಪುಣ್ಯದಿಂದ ನಾಲ್ಕು ದಿನವೂ ಅಗ್ರಪಂಕ್ತಿಯಲ್ಲಿದ್ದು, ಒಂದೇ ಒಂದು ಹೊಡೆತದಿಂದ ಪದಕವನ್ನು ತಪ್ಪಿಸಿಕೊಂಡು ನಾಲ್ಕನೆಯವಳಾದುದನ್ನು ಕನ್ನಡಿಗರು ಬೆಳಗಿನ ಜಾವ ಎದ್ದು ಕುಳಿತು ಕಂಡಿದ್ದಾರೆ. ಇಪ್ಪತ್ತು ಮೂವತ್ತು ಗಜಗಳ ಕೊರತೆಯನ್ನು ಪಟ್ಟರು ತುಂಬಿಕೊಡಬಲ್ಲದು; ಐವತ್ತು ಅರವತ್ತನ್ನು ತುಂಬಿಕೊಡುವುದು ಕಷ್ಟ.

ಸೋರೆನ್‌ಸ್ಟಾಮಳ ಪ್ರಯತ್ನವನ್ನು ಈ ಹಿನ್ನೆಲೆಯಲ್ಲಿ ಮತ್ತೆ ನೋಡಬೇಕಾಗಿದೆ. ಆಕೆ ಸರಾಸರಿ ಸ್ತ್ರೀಯಾಗಿರಲಿಲ್ಲ. ಆ ವರ್ಷ ಆಕೆಯ ಡ್ರೈವಿನ ಸರಾಸರಿ ದೂರ ಸುಮಾರು 270 ಗಜ, ಪುರುಷರ ಟೂರಿನ ಸರಾಸರಿ ಸುಮಾರು 286. ಬೆನ್ ಹೋಗನ್ ಐದು ಬಾರಿ ಗೆದ್ದು ತನ್ನ ಓಣಿಯಾಗಿಸಿಕೊಂಡಿದ್ದ ಕೊಲೋನಿಯಲ್ಲನ್ನು ಆಕೆ ಆರಿಸಿಕೊಂಡುದೂ ಯುಕ್ತಿಯಿಂದಲೇ; ಅಲ್ಲಿ ಬಾಹುಬಲಕ್ಕಿಂತ ಗುರಿಗೆ ಬೆಲೆ ಹೆಚ್ಚು. ಮೊದಲ ದಿನ ಹದಿನಾಲ್ಕು ಫೇರ್‌ವೇಗಳಲ್ಲಿ ಹದಿಮೂರನ್ನು ಆಕೆ ತಪ್ಪದೆ ಸೇರಿದಳು, ಕೈಕೊಟ್ಟುದು ಪಟ್ಟರು. ಅಂದರೆ, ಬಲಹೀನತೆಯಿಂದ ಸೋತಳೆಂದು ಜನ ತಿಳಿದಾಕೆ ಅಂದು ಹೊಡೆತಗಳನ್ನು ಕಳೆದುಕೊಂಡುದು ಬಲಕ್ಕೆ ಏನೇನೂ ಸಂಬಂಧವಿಲ್ಲದ ಭಾಗದಲ್ಲಿ. ಮುಗಿಸಿದ 111 ಮಂದಿಯಲ್ಲಿ ಆಕೆಗೆ 96ನೆಯ ಸ್ಥಾನ. ಹದಿನೈದರಷ್ಟು ಪುರುಷರು ಆಕೆಗೆ ಸಮನಾಗಿಯೋ ಆಕೆಗಿಂತ ಹಿಂದೆಯೋ ಇದ್ದರು. ಅವರ ವೃತ್ತಿಯೋಗ್ಯತೆಯನ್ನು ಆ ಎರಡು ದಿನಗಳಿಂದ ಯಾರೂ ನಿರ್ಣಯಿಸಲಿಲ್ಲವೆಂಬುದು ನೆನಪಿಡತಕ್ಕ ಮಾತು.

ಸೋರೆನ್‌ಸ್ಟಾಮ್ ಪುರುಷರ ಟೂರಿಗೆ ಸೇರಿದವಳಲ್ಲವೆಂದು ಫಿಜಿಯ ಆಟಗಾರ ವಿಜಯ್ ಸಿಂಗ್ ಪಂದ್ಯಕ್ಕೆ ಮೊದಲೇ ಆಡಿದ ಮಾತಿನಿಂದ ದೊಡ್ಡ ಕೋಲಾಹಲವೆದ್ದಿತು. ಹಿಂದಿನ ವಾರದ ಪಂದ್ಯಾವಳಿಯನ್ನು ಗೆದ್ದ ಆತ ವಿಶ್ರಾಂತಿಯ ಕಾರಣ ಹೇಳಿ ಕೊಲೋನಿಯಲ್ಲಿಗೆ ಬರಲಿಲ್ಲ. ಆಕೆಯೊಡನೆ ಆಡುವ ಸರದಿ ಬಂದ ಡೀನ್ ವಿಲ್ಸನ್ ಎಂಬ ಯುವಕನಾದರೋ ಆಕೆಗೆ ಜಯಕೋರುವ ಬಿಲ್ಲೆಯನ್ನು ಧರಿಸಿ ಬಂದ. ಸಿಂಗನ ಆಕ್ಷೇಪದಲ್ಲಿ ಒಂದಂಶ ತಥ್ಯವಿತ್ತೆಂಬುದನ್ನು ಒಪ್ಪಬೇಕು: ಸೋರೆನ್‌ಸ್ಟಾಮ್ ಬಂದುದು ಅರ್ಹತಾ ಸುತ್ತಿನಿಂದಲ್ಲ, ಪ್ರಾಯೋಜಕರ ಆಹ್ವಾನದಿಂದ. ಆದರೆ ಅಂತಹ ಆಹ್ವಾನಗಳು ಪ್ರತಿ ವಾರವೂ ಯಾರು ಯಾರಿಗೋ ಸಲ್ಲುತ್ತಿದ್ದುವು. ಆಗೆಲ್ಲ ಕೇಳದ ತತ್ತ್ವಪ್ರಶ್ನೆ ಆ ವಾರ ಮಾತ್ರ ಕೇಳಿಬಂದಿತು.

ಅದೇ ವರ್ಷ ನಡೆದ ಮತ್ತೊಂದು ಪ್ರಸಂಗ ಇದಕ್ಕಿಂತ ಕಡಮೆ ಗದ್ದಲದ್ದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಹೆಚ್ಚು ಮಹತ್ತ್ವದ್ದು. ಕನೆಕ್ಟಿಕಟ್ ಪ್ರಾಂತದ ಗಾಲ್ಫ್ ಶಿಕ್ಷಕಿ ಸೂಜಿ ವೇಲಿ 2002ರಲ್ಲಿ ಅಲ್ಲಿನ ಪಿ.ಜಿ.ಎ. ವಿಭಾಗದ ಚಾಂಪಿಯನ್‌ಷಿಪ್ಪನ್ನು ಪುರುಷರೊಡನೆ ಸ್ಪರ್ಧಿಸಿ ಗೆದ್ದಳು. ನಿಯಮವೇ ಅನುಮತಿಸಿದಂತೆ, ಪುರುಷರಿಗಿಂತ ನೂರಕ್ಕೆ ಹತ್ತರಷ್ಟು ಮುಂದಿನ ಟೀಗಳಿಂದ ಆಕೆ ಆಡಿದ್ದಳು. ಆ ವಿಜಯದ ಫಲವಾಗಿ 2003ರ ಗ್ರೇಟರ್ ಹಾರ್ಟ್‌ಫರ್ಡ್ ಓಪನ್ನಿಗೆ ಆಕೆಗೆ ಪ್ರವೇಶ ಲಭಿಸಿತು. ಆದರೆ ಅಲ್ಲಿ ಆಡಬೇಕಾದುದು ಹಿಂದಿನ ಟೀಗಳಿಂದ. 75 ಮತ್ತು 78 ಹೊಡೆತಗಳೊಡನೆ ಆಕೆ ಎರಡನೆಯ ದಿನ ನಿರ್ಗಮಿಸಿದಳು. ಒಂದು ಅಳತೆಯಿಂದ ಯೋಗ್ಯತೆಯನ್ನು ನಿರ್ಣಯಿಸಿ ಇನ್ನೊಂದು ಅಳತೆಯಿಂದ ಪರೀಕ್ಷಿಸುವ ಈ ಅಸಾಂಗತ್ಯವನ್ನು ಕಂಡ ಪಿ.ಜಿ.ಎ. ಆಫ್ ಅಮೆರಿಕ ಅದನ್ನು ಸರಿಪಡಿಸಿದ ರೀತಿಯೂ ಗಮನಾರ್ಹ: ಮುಂದೆ ಯಾವ ಸ್ತ್ರೀಯಾದರೂ ಈ ಮಾರ್ಗದಿಂದ ಅರ್ಹತೆ ಪಡೆಯಬೇಕಾದರೆ ಪುರುಷರ ಟೀಯಿಂದಲೇ ಆಡಬೇಕೆಂದು ನಿಯಮವಾಯಿತು. ಪಂದ್ಯದ ಟೀಯನ್ನು ಮುಂದಕ್ಕೆ ತರುವ ಯೋಚನೆ ಯಾರಿಗೂ ಹೊಳೆಯಲಿಲ್ಲ. ಅದೇ ಸಂಸ್ಥೆಗೆ 2018ರಲ್ಲಿ ವೇಲಿಯೇ ಪ್ರಥಮ ಸ್ತ್ರೀ ಅಧ್ಯಕ್ಷಳಾದಳು.

ಮಿಷೆಲ್ ವೀ ಎಂಬ ಹವಾಯಿಯ ಬಾಲೆಯ ವೃತ್ತಾಂತ ಇಲ್ಲಿ ವಿಸ್ತಾರವಾಗಿ ಬೇಕಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, 2004ರ ಸೋನಿ ಓಪನ್ನಿನಲ್ಲಿ 72 ಮತ್ತು 68 ಹೊಡೆತಗಳನ್ನಾಡಿ ಒಂದೇ ಒಂದು ಹೊಡೆತದಿಂದ ಕಟ್ಟನ್ನು ತಪ್ಪಿಸಿಕೊಂಡ ಆಕೆ, ಎಂಟು ಬಾರಿ ಪಿ.ಜಿ.ಎ. ಟೂರಿನಲ್ಲಿ ಆಡಿ ಎಂಟು ಬಾರಿಯೂ ಕಟ್ಟಿನೊಳಗೆ ಬರಲಾರದೆ ಹೋದಳು. ಕೊರಿಯದ ಪುರುಷರ ಪಂದ್ಯಾವಳಿಯೊಂದರಲ್ಲಿ 2006ರಲ್ಲಿ ಕಟ್ಟನ್ನು ದಾಟಿ 35ನೆಯವಳಾದಳು. ಅದೇ ಕೊರಿಯದ ಪುರುಷರ ಮತ್ತೊಂದು ಪಂದ್ಯಾವಳಿಯಲ್ಲಿ 2003ರಲ್ಲಿ ಅಲ್ಲಿನ ಆಟಗಾರ್ತಿ ಪಾಕ್ ಸೆ-ರಿ 10ನೆಯ ಸ್ಥಾನವನ್ನೇ ಪಡೆದಿದ್ದಳು. ಬೆಳೆಯುವ ಹುಡುಗಿಯನ್ನು ಮತ್ತೆ ಮತ್ತೆ ಆಹ್ವಾನಿಸಿದ ಪ್ರಾಯೋಜಕರ ಉತ್ಸಾಹದಲ್ಲಿ ಕ್ರೀಡಾಪ್ರೇಮಕ್ಕಿಂತ ಟಿಕೆಟ್ಟಿನ ಪ್ರೇಮವೇ ಅಧಿಕವಾಗಿತ್ತೆಂದು ನನಗನಿಸುತ್ತದೆ.

ವೀಯ ಜೀವನದಲ್ಲಿಯೇ ನಮ್ಮ ವಾದಕ್ಕೆ ಅತ್ಯುತ್ತಮ ಪ್ರಮಾಣವೂ ದೊರೆಯುತ್ತದೆಂಬುದು ಸೋಜಿಗ. 2014ರ ಜೂನಿನಲ್ಲಿ ಪೈನ್‌ಹರ್ಸ್ಟಿನ ಎರಡನೆಯ ಮೈದಾನದಲ್ಲಿ ಪುರುಷರ ಯು.ಎಸ್. ಓಪನ್ ಮುಗಿದ ಮರುವಾರವೇ ಸ್ತ್ರೀಯರ ಯು.ಎಸ್. ಓಪನ್ ನಡೆಯಿತು. ಪುರುಷರಿಗೆ ಮೈದಾನದ ಉದ್ದ 7,562 ಗಜ, ಸ್ತ್ರೀಯರಿಗೆ 6,649. ಗ್ರೀನನ್ನು ಸೇರುವ ಹೊಡೆತಕ್ಕೆ ಇಬ್ಬರ ಕೈಯಲ್ಲಿಯೂ ಸರಿಸುಮಾರು ಅದೇ ಐರನ್ ಇರಬೇಕೆಂಬುದು ವ್ಯವಸ್ಥಾಪಕರ ಉದ್ದೇಶ. ಪುರುಷರಲ್ಲಿ ಪಾರ್‌ಗಿಂತ ಕಡಮೆ ಹೊಡೆತಗಳಲ್ಲಿ ಮುಗಿಸಿದವರು ಮೂವರು. ವಿಜೇತ ಮಾರ್ಟಿನ್ ಕೈಮರನ ಮೊತ್ತ 271, ಉಳಿದಿಬ್ಬರದು ಪಾರ್‌ಗಿಂತ ಒಂದೊಂದೇ ಕಡಮೆ, ಅಂದರೆ 279. ಸ್ತ್ರೀಯರಲ್ಲಿ ಪಾರ್‌ಗಿಂತ ಕೆಳಗಿಳಿದವಳು ವೀ ಒಬ್ಬಳೇ. ಆಕೆಯ ಮೊತ್ತ 278. ಕೈಮರನ ಅಸಾಧಾರಣ ವಾರವನ್ನು ಬದಿಗಿಟ್ಟರೆ ಎರಡು ಅಂಕಫಲಕಗಳ ತುದಿಗಳು ಬಹುಮಟ್ಟಿಗೆ ಒಂದೇ ಎತ್ತರದಲ್ಲಿ ನಿಂತಿವೆ. 913 ಗಜಗಳ ತಿದ್ದುಪಡಿ ಮಾಡಿದ ಕೂಡಲೆ, ಸ್ತ್ರೀಪುರುಷರ ನಡುವಣ ಪ್ರಕೃತಿಸಿದ್ಧ ಕಂದರವೆಂದು ಹೇಳಲಾಗುತ್ತಿದ್ದುದು ಒಂದೆರಡು ಹೊಡೆತಗಳ ವ್ಯತ್ಯಾಸವಾಗಿ ಕುಗ್ಗಿತು.

ಈ ತತ್ತ್ವವನ್ನು ಒಂದೇ ಪಂದ್ಯಾವಳಿಗೆ, ಒಂದೇ ಬಹುಮಾನಕ್ಕೆ ಅನ್ವಯಿಸಿದ ಕೀರ್ತಿಯಲ್ಲಿ ಸ್ವೀಡನ್ನಿಗೂ ಪಾಲುಂಟು. ಸೋರೆನ್‌ಸ್ಟಾಮಳೂ ಹೆನ್ರಿಕ್ ಸ್ಟೆನ್‌ಸನ್ನನೂ ಆತಿಥೇಯರಾಗಿ ಪ್ರಾರಂಭಿಸಿದ ಸ್ಕ್ಯಾಂಡಿನೇವಿಯನ್ ಮಿಕ್ಸ್‌ಡ್ ಪಂದ್ಯಾವಳಿಯಲ್ಲಿ ಪುರುಷರೂ ಸ್ತ್ರೀಯರೂ ಬೇರೆ ಬೇರೆ ಟೀಗಳಿಂದ ಹೊರಟು ಒಂದೇ ಫಲಕದ ಮೇಲೆ ಬಂದು ಸೇರುತ್ತಿದ್ದರು. 2021ರಲ್ಲಿ ಜೊನಾಥನ್ ಕಾಲ್ಡ್‌ವೆಲ್ ಗೆದ್ದ. 2022ರಲ್ಲಿ ಹಾಲ್ಮ್‌ಸ್ಟಾಡಿನಲ್ಲಿ ಲಿನ್ ಗ್ರಾಂಟ್ ಪಾರ್‌ಗಿಂತ 24 ಕಡಮೆ ಹೊಡೆತಗಳಲ್ಲಿ ಮುಗಿಸಿ, ಸ್ಟೆನ್‌ಸನ್ನನನ್ನೂ ಸ್ಕಾಟ್ಲೆಂಡಿನ ಮಾರ್ಕ್ ವಾರನ್ನನನ್ನೂ ಒಂಬತ್ತು ಹೊಡೆತಗಳಿಂದ ಹಿಂದಿಕ್ಕಿ, ಯುರೋಪಿನ ಪುರುಷರ ಟೂರಿನ ಪಂದ್ಯಾವಳಿಯನ್ನು ಗೆದ್ದ ಪ್ರಥಮ ಸ್ತ್ರೀಯಾದಳು. 2023ರಲ್ಲಿ ಡೇಲ್ ವಿಟ್ನೆಲ್. 2024ರಲ್ಲಿ, ಕೊನೆಯ ದಿನಕ್ಕೆ ಹನ್ನೊಂದು ಹೊಡೆತ ಹಿಂದಿದ್ದ ಗ್ರಾಂಟ್ ಮತ್ತೆ ಮೇಲೆದ್ದು, ಕಟ್ಟಕಡೆಯ ಕುಳಿಯಲ್ಲಿ ಎಡವಿದ ಸೆಬಾಸ್ಟಿಯನ್ ಸೋಡರ್‌ಬರ್ಗನಿಂದ ಪ್ರಶಸ್ತಿಯನ್ನು ಕಸಿದುಕೊಂಡಳು. 2022ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಹನ್ನಾ ಗ್ರೀನಳೂ ಮರ್ರೇ ನದಿಯ ದಂಡೆಯಲ್ಲಿ ನಡೆದ ಇಂತಹುದೇ ಮಿಶ್ರಸ್ಪರ್ಧೆಯಲ್ಲಿ ಗೆದ್ದಿದ್ದಳು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು ಸಹಜ: ಟೀಯನ್ನು ಎಲ್ಲಿಡಬೇಕೆಂಬುದು ಮನುಷ್ಯನ ಇಚ್ಛೆಗೆ ಸೇರಿದುದಾದರೆ, ಗೆಲುವೂ ಆ ಇಚ್ಛೆಯ ಸೃಷ್ಟಿಯೇ ಅಲ್ಲವೆ? ಒಂಬತ್ತು ಹೊಡೆತಗಳ ಜಯ ಟೀ ಅತಿಯಾಗಿ ಮುಂದಿತ್ತೆಂಬುದನ್ನೇ ತೋರಿಸುವುದಿಲ್ಲವೆ? ಈ ಆಕ್ಷೇಪ ದುರ್ಬಲವಾದುದಲ್ಲ. ಆದರೆ ಟೀ ಅತಿಯಾಗಿ ಮುಂದಿದ್ದಿದ್ದರೆ ಗ್ರಾಂಟಳ ಬೆನ್ನಹಿಂದೆ ಸ್ತ್ರೀಯರ ಸಾಲೇ ನಿಂತಿರಬೇಕಾಗಿತ್ತು. ಎರಡನೆಯ ಸ್ಥಾನವನ್ನು ಹಂಚಿಕೊಂಡವರು ಇಬ್ಬರೂ ಪುರುಷರು. ನಾಲ್ಕು ವರ್ಷಗಳ ವಿಜೇತರ ಪಟ್ಟಿಯೂ ಪುರುಷ, ಸ್ತ್ರೀ, ಪುರುಷ, ಸ್ತ್ರೀ ಎಂದೇ ಸಾಗುತ್ತದೆ. ಇನ್ನೂ ಮೂಲಭೂತವಾದ ಉತ್ತರವೊಂದಿದೆ: ಪುರುಷರ ಟೀಯೂ ಮನುಷ್ಯನ ಇಚ್ಛೆಯೇ. ದೇವರು ಕೊಲೋನಿಯಲ್ಲನ್ನು ಏಳು ಸಾವಿರ ಗಜವಾಗಿ ಸೃಷ್ಟಿಸಲಿಲ್ಲ; ಚೆಂಡೂ ಕೋಲೂ ಸುಧಾರಿಸಿ ಪುರುಷರ ಹೊಡೆತಗಳು ದೀರ್ಘವಾದಂತೆಲ್ಲ ಮೈದಾನಗಳ ಟೀಗಳನ್ನು ಹಿಂದಹಿಂದಕ್ಕೆ ಸರಿಸಲಾಯಿತು. ಪುರುಷನ ತೋಳಿಗೆ ಸರಿಯಾಗಿ ನೆಲವನ್ನು ಹಿಗ್ಗಿಸುವುದು ಆಟದ ಧರ್ಮವೆನಿಸುವುದಾದರೆ, ಸ್ತ್ರೀಯ ತೋಳಿಗೆ ಸರಿಯಾಗಿ ಅದನ್ನು ಹೊಂದಿಸುವುದು ದಾಕ್ಷಿಣ್ಯವೆನಿಸಿಕೊಳ್ಳಲು ಕಾರಣವಿಲ್ಲ.

ಒಂದೇ ಟೀಯ ಮಾರ್ಗವೂ ಮುಚ್ಚಿಲ್ಲ. 2005ರಲ್ಲಿ ಸೇಂಟ್ ಆಂಡ್ರೂಸಿನ ಆರ್. ಅಂಡ್ ಎ. ತನ್ನ ಓಪನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತುಗಳಿಗೆ ಸ್ತ್ರೀಯರು ಬರಬಹುದೆಂದು ನಿಯಮವನ್ನು ಸಡಿಲಿಸಿತು. ತನ್ನ ಕ್ಲಬ್ಬಿನ ಸದಸ್ಯತ್ವಕ್ಕೆ ಅವರನ್ನು ಬರಮಾಡಿಕೊಳ್ಳಲು ಮಾತ್ರ 2014ರವರೆಗೆ ಕಾಯಿತು. 2018ರಲ್ಲಿ ಬ್ರಿಟನಿ ಲಿನ್ಸಿಕಮ್ ಕೆಂಟಕಿಯಲ್ಲಿಯೂ, 2023ರಲ್ಲಿ ಲೆಕ್ಸಿ ಥಾಂಪ್ಸನ್ ಲಾಸ್ ವೇಗಾಸಿನಲ್ಲಿಯೂ ಪುರುಷರ ಟೂರಿನಲ್ಲಿ ಆಡಿದರು. ಥಾಂಪ್ಸನ್ನಳ ಎರಡನೆಯ ದಿನದ 69 ಸೊಗಸಾದ ಆಟ. ಕಟ್ ಮೂರು ಹೊಡೆತ ಆಚೆಗಿತ್ತು.

ಕ್ರೀಡೆಯ ದಾಖಲೆಗಳನ್ನು ಸಂಪಾದಿಸುವವರಲ್ಲಿ ಈ ಲೇಖಕನ ಬಿನ್ನಹವೊಂದೇ. ಮಿಶ್ರಸ್ಪರ್ಧೆಯಾಗಲಿ ಏಕಾಂಗಿ ಸಾಹಸವಾಗಲಿ, ಆಟಗಾರ್ತಿಯ ಹೆಸರಿನ ಮುಂದೆ ಹೊಡೆತಗಳ ಮೊತ್ತವನ್ನು ಮುದ್ರಿಸುವಾಗ, ಆಕೆ ಎಷ್ಟು ಗಜದ ಮೈದಾನವನ್ನಾಡಿದಳೆಂಬ ಅಂಕಿಯನ್ನೂ ಅದರ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ, ದಯವಿಟ್ಟು ಮುದ್ರಿಸಿರಿ.